ಗಾಣದೆಣ್ಣೆಯ ಜಾಹೀರಾತು: ಆರನೆಯ ವಾರದವರೆಗಿನ ದಾಖಲೆ

ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷದಲ್ಲಿ ಎಂಟು ವಾರಗಳ ಇಂಟರ್ನ್‌ಶಿಪ್ ಕಡ್ಡಾಯ. ನನಗೆ ಸಿಕ್ಕಿದ್ದು ಬೆಂಗಳೂರಿನ ಒಂದು ಸಣ್ಣ ಜಾಹೀರಾತು ಏಜೆನ್ಸಿ. ಮೊದಲ ದಿನ ಪುಸ್ತಕದಲ್ಲಿ ‘ಪ್ರಮಾಣಪತ್ರ ಸಿಕ್ಕರೆ ಸಾಕು’ ಎಂದು ಬರೆದುಕೊಂಡಿದ್ದೆ. ಆ ಸಾಲನ್ನು ಈಗ ಹೊಡೆದುಹಾಕಿದ್ದೇನೆ.

ವಾರ 1, 2
ಕರಡು ತಿದ್ದುವುದು, ಹಳೆಯ ಕಡತ ಜೋಡಿಸುವುದು. ಹೆಚ್ಚೇನಿಲ್ಲ.

ವಾರ 3
ಕಡಲೆಕಾಯಿ ಎಣ್ಣೆ ಮಾರುವವರೊಬ್ಬರ ಕೆಲಸ ಬಂತು. ಇಂಗ್ಲಿಷಿನಲ್ಲಿ ಸಿದ್ಧವಾಗಿದ್ದ ಘೋಷವಾಕ್ಯದ ಕನ್ನಡ ರೂಪ ‘ವ್ಯತ್ಯಾಸವನ್ನು ಸವಿಯಿರಿ’. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಊಟಕ್ಕೆ ಕುಳಿತವರು ಯಾರೂ ವ್ಯತ್ಯಾಸವನ್ನು ಸವಿಯುವುದಿಲ್ಲ. ಚಟ್ನಿಪುಡಿಗೆ ಎಣ್ಣೆ ಕಲಸಿಕೊಂಡು ಸವಿಯುತ್ತಾರೆ. ಹಾಗೆಂದು ಹೇಳಿದಾಗ ಜಾಹೀರಾತಿನ ಮಾತು ಬರೆಯುವ ನಮ್ಮ ಹಿರಿಯ ಕಾಪಿರೈಟರ್ ಮೇಡಂ, “ಹಾಗಾದರೆ ನೀನೇ ಬರೆದು ತೋರಿಸು” ಎಂದರು.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಎಣ್ಣೆ ಒಳ್ಳೆಯದೆಂದು ನಿನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. “ಸಾಸಿವೆ ಸಿಡಿಯುವ ಮೊದಲೇ ಘಮ ಬರಬೇಕು” ಎಂದಳು. ಮೂರು ದಿನಗಳಲ್ಲಿ 31 ಸಾಲು ಬರೆದೆ. ಉಳಿದದ್ದು ಒಂದೇ: ‘ಒಗ್ಗರಣೆ ನಿಮ್ಮ ಮನೆಯದು, ಘಮ ಇಡೀ ಬೀದಿಗೆ.’

ವಾರ 4
ಎಣ್ಣೆ ವ್ಯಾಪಾರದ ಮಾಲೀಕರಿಗೆ ಸಾಲು ಹಿಡಿಸಿತು. ಜೊತೆಗೆ ‘ರಾಜ್ಯದ ನಂಬರ್ ಒನ್’ ಎಂದೂ ಸೇರಿಸಲು ಕೇಳಿದರು. ಮೇಡಂ, “ಅದಕ್ಕೆ ದಾಖಲೆ ಕೊಡಿ ಸರ್, ಹಾಕುತ್ತೇವೆ” ಎಂದರು. 1985ರಲ್ಲಿ ಜಾಹೀರಾತು ವಲಯದವರೇ ಸ್ವಯಂನಿಯಂತ್ರಣಕ್ಕಾಗಿ ಕಟ್ಟಿಕೊಂಡ ಎಎಸ್‌ಸಿಐ (ಭಾರತೀಯ ಜಾಹೀರಾತು ಮಾನದಂಡ ಮಂಡಳಿ) ಸಂಸ್ಥೆಯ ಸಂಹಿತೆಯ ಪ್ರಕಾರ ಇಂಥ ಮಾತಿಗೆ ಆಧಾರವಿರಬೇಕು. ದಾಖಲೆ ಬರಲಿಲ್ಲ, ಮಾತು ಹೋಯಿತು. ಈ ವೃತ್ತಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಐದು ನಿಮಿಷಗಳಲ್ಲಿ.

ಸಂಜೆಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಹಳೆಯ ಕಥೆ ಹುಡುಕಿ ಓದುತ್ತಿದ್ದೇನೆ. ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದದ್ದು 1910ರ ದಶಕದಲ್ಲಿ. ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಆನೆಯ ಸೊಂಡಿಲೂ ಸಿಂಹದ ದೇಹವೂ ಇರುವ ಶರಭದ ಲಾಂಛನ. ಇದರ ಹಿಂದೆ ರಸಾಯನಶಾಸ್ತ್ರಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳಿದ್ದರು. ಬೆಂಕಿಪೊಟ್ಟಣದ ಮೇಲೂ ಈ ಸೋಪಿನ ಪ್ರಚಾರ ನಡೆದಿತ್ತಂತೆ. ಒಲೆ ಹಚ್ಚುವ ಕೈಗೆ ದಿನವೂ ಸಿಗುವ ವಸ್ತು ಅದು! ಎಣ್ಣೆಗೂ ಅಂಥದೊಂದು ಜಾಗ ಬೇಕೆಂದು ಇನ್ನೂ ಹುಡುಕುತ್ತಿದ್ದೇನೆ.

ವಾರ 5
ಮುದ್ರಣಕ್ಕೆ ಹೋಗುವ ಹಿಂದಿನ ಸಂಜೆ ವಿನ್ಯಾಸದ ಕಡತ ತೆರೆದರೆ ‘ಒಗ್ಗರಣೆ’ ಒಡೆದು ‘ಒಗ್‌ಗರಣೆ’ ಆಗಿತ್ತು. ಇಡೀ ಜಾಹೀರಾತು ನಿಂತಿರುವುದೇ ಆ ಒಂದು ಪದದ ಮೇಲೆ. ಪುಟವಿನ್ಯಾಸದ ಇನ್‌ಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸಬಲ್ಲ ‘ವರ್ಲ್ಡ್-ರೆಡಿ’ ಕಂಪೋಸರ್ ಆಯ್ಕೆ ಮಾಡಿದ ಮೇಲೆ ಒತ್ತಕ್ಷರ ತನ್ನ ಜಾಗಕ್ಕೆ ಬಂತು. ಇನ್ನೊಂದು ತೊಂದರೆ ಉಳಿದಿತ್ತು: ಸಾಲುಗಳ ಅಂತರ ಇಂಗ್ಲಿಷ್ ಅಳತೆಯದು, ಹಾಗಾಗಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಅಂತರ ಹೆಚ್ಚಿಸಲು ಎಣ್ಣೆಡಬ್ಬಿಯ ಚಿತ್ರವನ್ನು ಕಿರಿದು ಮಾಡಬೇಕಾಯಿತು. ವಿನ್ಯಾಸಕಾರರು ಮೊದಲು ಒಪ್ಪಲಿಲ್ಲ. ಎರಡೂ ಪ್ರತಿಗಳನ್ನು ಮುದ್ರಿಸಿ ಪಕ್ಕಪಕ್ಕದಲ್ಲಿಟ್ಟ ಮೇಲೆ ಒಪ್ಪಿದರು. ಕನ್ನಡಕ್ಕೆ ಬೇಕಾದ ಜಾಗವನ್ನು ಮೊದಲೇ ಬಿಟ್ಟು ವಿನ್ಯಾಸ ಶುರುಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಾರ 6
ರೇಡಿಯೋ ಜಾಹೀರಾತು, 30 ಸೆಕೆಂಡು. ನನ್ನ ಮೊದಲ ಬರಹದಲ್ಲಿ 71 ಪದಗಳಿದ್ದವು. ಮೊಬೈಲಿನ ಗಡಿಯಾರ ಹಿಡಿದು ಓದಿದರೆ 43 ಸೆಕೆಂಡು. ‘ಪರಿಶುದ್ಧ’, ‘ಗುಣಮಟ್ಟ’, ‘ಸಾಂಪ್ರದಾಯಿಕ’ ಎಲ್ಲವನ್ನೂ ತೆಗೆದೆ. ಈಗ 44 ಪದ, 27 ಸೆಕೆಂಡು. ಉಳಿದ ಮೂರು ಸೆಕೆಂಡು ಮಾತಿಲ್ಲದೆ ಸಾಸಿವೆ ಸಿಡಿಯುವ ಸದ್ದಿಗೆ.

ಆ ಸದ್ದನ್ನು ಭಾನುವಾರ ಊರಿನಲ್ಲಿ ಅಮ್ಮನ ಒಲೆಯ ಬಳಿ ಮೊಬೈಲಿನಲ್ಲಿ ಹಿಡಿದುಕೊಂಡು ಬಂದೆ. ಕೇಳಿದರೆ ಹಿಂದೆ ಕುಕ್ಕರಿನ ಸೀಟಿ ಇದೆ. ಧ್ವನಿಮುದ್ರಣ ಗುರುವಾರ. ಬುಧವಾರದೊಳಗೆ ಇನ್ನೊಮ್ಮೆ ಒಗ್ಗರಣೆ ಹಾಕಿ, ಸದ್ದನ್ನು ಹಿಡಿದು ಕಳುಹಿಸಲು ಅಮ್ಮನಿಗೆ ಹೇಳಿದ್ದೇನೆ.