ಸಿಂಹಗಡ ಕಾಣುತ್ತದೆ, ಹತ್ತಿರ ಬರುವುದಿಲ್ಲ

ಪುಣೆಯ ಕಾತ್ರಜ್‌ನಿಂದ ಸಿಂಹಗಡ ಕೋಟೆಗೆ ರಾತ್ರಿ ನಡೆಯುವಾಗ ನನ್ನನ್ನು ಜಾಸ್ತಿ ಕಾಡುವುದು ಕೋಟೆ ಮೇಲಿನ ಟಿವಿ ಗೋಪುರದ ದೀಪ. ಎಷ್ಟು ನಡೆದರೂ ಅಲ್ಲೇ ಇರುತ್ತದೆ! ದಾರಿಯಲ್ಲಿ 13 ಗುಡ್ಡ ಅಂತಾರೆ. ದಯವಿಟ್ಟು ಎಣಿಸಬೇಡಿ.

ಅರ್ಧ ದಾರಿಯಲ್ಲಿ ‘ಯಾಕೆ ಬೇಕಿತ್ತು ಇದೆಲ್ಲ’ ಅನ್ನಿಸುತ್ತದೆ. ಆಗ ನನ್ನವಳ ಪ್ರಶ್ನೆ ಒಂದೇ: “ರೀ, ಚಿಕ್ಕಿ ತಿಂದ್ರಾ?” ಅವಳು ಹೇಳುವುದು ಸರಿ. ಆ ಹೊತ್ತಿನ ಬೇಸರದಲ್ಲಿ ಅರ್ಧ ಬರೀ ಹಸಿವು, ಉಳಿದದ್ದು ನಿದ್ದೆಗೇಡು. ತಿಂದು, ನೀರು ಕುಡಿದು, ಹತ್ತು ನಿಮಿಷ ಕೂರದೆ ‘ವಾಪಸ್ ಹೋಗೋಣ’ ಅಂತ ತೀರ್ಮಾನಿಸಬಾರದು.

ಅಮೆರಿಕದ ಅಪಲೇಚಿಯನ್ ಟ್ರೈಲ್ ಅನ್ನುವ ಕಾಲುದಾರಿ ಸುಮಾರು 3,500 ಕಿ.ಮೀ. ಇದೆ. ಅಲ್ಲಿ ತಿಂಗಳುಗಟ್ಟಲೆ ನಡೆಯುವವರು ಮನಸ್ಸನ್ನು ಹೇಗೆ ಸಂಭಾಳಿಸುತ್ತಾರೋ! ನನ್ನ ಗುರಿ ಮುಂದಿನ ಗುಡ್ಡ, ಅಷ್ಟೇ.

ಒಬ್ಬರೇ ನಡೆಯುವುದೇ ಚೆಂದ ಅನ್ನುವವರೂ ಇದ್ದಾರೆ. ನನಗಂತೂ ಪುಣೆಯ ನಮ್ಮ ಧಾರವಾಡ ಗೆಳೆಯರ ಹರಟೆ ಬೇಕೇ ಬೇಕು.