ಡಿಡಿಟಿ ಹೊಡೆದರೆ ಸಾಲದಾ?

ನಮ್ಮ ಕಡೆ ಯಾರ ಮನೆ ಊಟಕ್ಕೆ ಹೋದರೂ ಈ ಪ್ರಶ್ನೆ ತಪ್ಪುವುದಿಲ್ಲ: "ಮಲೇರಿಯಾ ಓಡಿಸೋದಕ್ಕೆ ಜೀನೋಮ್ ಯಾಕೆ ಮಾರಾಯ? ಡಿಡಿಟಿ ಹೊಡೆದರೆ ಸಾಲದಾ?" ಜೀನೋಮ್ ಅಂದರೆ ಒಂದು ಜೀವಿಯ ಡಿಎನ್‌ಎಯಲ್ಲಿ ಬರೆದಿರುವ ಪೂರ್ತಿ ಬರಹ. ನಾನು ತೀರ್ಥಹಳ್ಳಿ ಕಡೆಯವನು, ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಒಂದು ಮದುವೆ ಪಂಕ್ತಿಯಲ್ಲಿ ಮಲೇರಿಯಾದ ಜೀನ್ ಬಗ್ಗೆ ಬಾಯಿ ಬಿಟ್ಟಿದ್ದೇ ತಪ್ಪಾಯಿತು.

ಪ್ರಶ್ನೆ ದಡ್ಡತನದ್ದಲ್ಲ. ಕೇಳುವವರು ಹೆಚ್ಚಾಗಿ ವಯಸ್ಸಾದವರು, ಡಿಡಿಟಿ ಮಾಡಿದ ಕೆಲಸವನ್ನು ಕಣ್ಣಾರೆ ಕಂಡವರು. ನಮ್ಮಜ್ಜಿ ಹೇಳುತ್ತಿದ್ದರು, ಅವರ ಕಾಲದಲ್ಲಿ ಮನೆಗೊಬ್ಬರಾದರೂ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರಂತೆ. ಮಕ್ಕಳ ಹೊಟ್ಟೆ ಮುಟ್ಟಿದರೆ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ಕೈಗೆ ಸಿಗುತ್ತಿತ್ತಂತೆ. ಮಲೆನಾಡಿಗೆ ಹೆಣ್ಣು ಕೊಡಲು ಬಯಲುಸೀಮೆಯವರು ಹಿಂದೆಮುಂದೆ ನೋಡುತ್ತಿದ್ದರಂತೆ. 1953ರಲ್ಲಿ ದೇಶದ ಮಲೇರಿಯಾ ಕಾರ್ಯಕ್ರಮ ಶುರುವಾಯಿತು, ಗೋಡೆ ಗೋಡೆಗೆ ಸೊಳ್ಳೆ ಕೊಲ್ಲುವ ಡಿಡಿಟಿ ಬಿತ್ತು. 1960ರ ದಶಕದ ನಡುವಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಪ್ರಕರಣ ಮಾತ್ರ. ಗೆದ್ದೆವು ಅಂದುಕೊಂಡೆವು. 1976ರಲ್ಲಿ ಅದು 64 ಲಕ್ಷಕ್ಕೆ ಏರಿತ್ತು! ಕಾರಣ ಹಲವು, ನಮ್ಮ ಉದಾಸೀನವೂ ಸೇರಿ. ಆದರೆ ಒಂದು ಕಾರಣ ಸೊಳ್ಳೆಯ ಒಳಗೇ ಇತ್ತು. ಎಷ್ಟೋ ಕಡೆ ಅದಕ್ಕೆ ಡಿಡಿಟಿ ನಾಟುತ್ತಿರಲಿಲ್ಲ.

ಇದನ್ನು ಹೇಳಿದಾಗ ಅಡಿಕೆ ಬೆಳೆಯುವ ನಮ್ಮ ಮಾವ ಒಬ್ಬರು ಸರಿಯಾಗಿ ಹಿಡಿದು ಹಾಕಿದರು. "ಅಡಿಕೆಯ ಕೊಳೆರೋಗಕ್ಕೆ ನೂರು ವರ್ಷದಿಂದ ಅದೇ ಮೈಲುತುತ್ತ, ಅದೇ ಸುಣ್ಣ. ಅದು ಇನ್ನೂ ಕೆಲಸ ಮಾಡ್ತದಲ್ಲ?" ಉತ್ತರ ತಕ್ಷಣ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು. ಮೈಲುತುತ್ತದಲ್ಲಿರುವ ತಾಮ್ರ ಕೊಳೆಯ ಜೀವಿಗೆ ಒಂದೇ ಕಡೆ ಹೊಡೆಯುವುದಿಲ್ಲ, ಹತ್ತಾರು ಕಡೆ ಹೊಡೆಯುತ್ತದೆ. ಅಷ್ಟೂ ಕಡೆ ಒಟ್ಟಿಗೆ ಬದಲಾಗಿ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಡಿಡಿಟಿಯಾಗಲಿ ಮಲೇರಿಯಾದ ಮಾತ್ರೆಗಳಾಗಲಿ ಹಾಗಲ್ಲ. ಸೊಳ್ಳೆಯೋ, ಜ್ವರ ತರುವ ಪರೋಪಜೀವಿಯೋ ಒಂದು ಕಡೆ ಬದಲಾದರೂ ಬಚಾವಾಗಬಹುದು.

ಮಲೇರಿಯಾದ ಹಳೆಯ ಮಾತ್ರೆ ಕ್ಲೋರೋಕ್ವಿನ್ ಕಥೆ ಇದೇ. ಮಲೇರಿಯಾ ತರುವ ಪರೋಪಜೀವಿಗಳಲ್ಲೊಂದಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ನಮ್ಮ ರಕ್ತವನ್ನು ಜೀರ್ಣಿಸಿಕೊಳ್ಳಲು ಒಂದು ಪುಟ್ಟ ಚೀಲ ಇಟ್ಟುಕೊಂಡಿದೆ. ಮಾತ್ರೆ ಅಲ್ಲಿಗೆ ಹೋಗಿ ಸೇರಿ ಅದನ್ನು ಕೊಲ್ಲುತ್ತದೆ. ಆ ಚೀಲದ ಗೋಡೆಯಲ್ಲಿ 424 ಮಣಿಗಳ ಸರದಂಥ ಒಂದು ಪ್ರೋಟೀನ್ ಇದೆ. ಯಾವ ಮಣಿ ಎಲ್ಲಿ ಅಂತ ಜೀನ್‌ನಲ್ಲಿ ಬರೆದಿರುತ್ತದೆ. ಅದರ 76ನೇ ಮಣಿ ಬದಲಾಯಿತು ಅನ್ನಿ, ಒಳಗೆ ಬಂದ ಮಾತ್ರೆ ಹೊರಗೆ ಹೋಗುತ್ತದೆ. ಜೊತೆಗೆ ಇನ್ನೂ ಕೆಲವು ಮಣಿ ಬದಲಾಗಿರುತ್ತವೆ, ಆದರೆ ಮುಖ್ಯವಾದದ್ದು ಇದೇ. ನಮ್ಮ ದೇಶದಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಮಲೇರಿಯಾ ಮೊದಲು ವರದಿಯಾದದ್ದು 1973ರಲ್ಲಿ, ಅಸ್ಸಾಂನಲ್ಲಿ. ಆ 76ನೇ ಮಣಿ ಸಿಕ್ಕಿದ್ದು 2000ದಲ್ಲಿ. ನಡುವೆ 27 ವರ್ಷ ಕತ್ತಲಲ್ಲಿ ತಡಕಾಟ.

2002ರಲ್ಲಿ ಫಾಲ್ಸಿಪಾರಂನ ಪೂರ್ತಿ ಜೀನೋಮ್, ಅಂದರೆ ಸುಮಾರು 2.3 ಕೋಟಿ ಅಕ್ಷರ, ಓದಿ ಮುಗಿಯಿತು. ಆಫ್ರಿಕಾದ ಮಲೇರಿಯಾ ಸೊಳ್ಳೆಯದ್ದೂ ಅದೇ ವರ್ಷ. ಆಮೇಲೆ ಕಾಂಬೋಡಿಯಾದಲ್ಲಿ ಮಲೇರಿಯಾದ ಹೊಸ ಔಷಧಿ ಆರ್ಟಿಮಿಸಿನಿನ್ ನಿಧಾನಕ್ಕೆ ಕೆಲಸ ಮಾಡುತ್ತಿದೆ ಎಂಬ ಅನುಮಾನ ಬಂದಾಗ ಕೆಲವೇ ವರ್ಷ ಸಾಕಾಯಿತು. 2014ರಲ್ಲಿ ಅದಕ್ಕೆ ಕಾರಣವಾದ ಬದಲಾವಣೆ ಇರುವ ಕೆಲ್ಚ್13 ಎಂಬ ಜೀನ್ ಸಿಕ್ಕಿತು. ಈಗ ಕಾಗದದ ಮೇಲೆ ಒಣಗಿಸಿದ ಒಂದು ಹನಿ ರಕ್ತದಲ್ಲೇ ಅದನ್ನು ಓದಬಹುದು. ಸುತ್ತಲಿನ ಅಕ್ಷರ ನೋಡಿ ಈ ಬದಲಾವಣೆ ಹೊರಗಿನಿಂದ ಬಂತೋ ಅಲ್ಲೇ ಹುಟ್ಟಿತೋ ಹೇಳಬಹುದು. ಆಫ್ರಿಕಾದ ರುವಾಂಡಾದಲ್ಲಿ ಸಿಕ್ಕ ಬದಲಾವಣೆ ಅಲ್ಲೇ ಹುಟ್ಟಿದ್ದು ಅಂತ ಗೊತ್ತಾದದ್ದು ಹೀಗೆ.

ಹಾಗಂತ ಜೀನೋಮ್ ಓದಿದರೆ ಜ್ವರ ಇಳಿಯುವುದಿಲ್ಲ. ಈಗಲೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ ಜನ ಮಲೇರಿಯಾದಿಂದ ಸಾಯುತ್ತಾರೆ. ಸೊಳ್ಳೆಯ ಜೀನನ್ನೇ ತಿದ್ದಿ ಬಿಡುವ ವಿಷಯವನ್ನೂ ಕೇಳುತ್ತಾರೆ. ಲ್ಯಾಬಿನಲ್ಲಿ ಆಗಿದೆ, ನಿಜ. ಕಾಡಿಗೆ ಬಿಡುವ ಅವಸರ ಬೇಡ ಅನ್ನುವವನು ನಾನು.

ನನಗೆ ಇದಕ್ಕಿಂತ ಇಷ್ಟದ ಉದಾಹರಣೆ ನಮ್ಮ ಹಳ್ಳದ್ದೇ. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಗುಡ್ಡದ ಹಳ್ಳಗಳ ಅಂಚಿನಲ್ಲಿ, ಮೆಲ್ಲಗೆ ಹರಿಯುವ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಹಿಂದೆ ಮಲೆನಾಡನ್ನು ಕಾಡಿದ್ದು ಇದೇ. ಅದು ಒಂದೇ ಸೊಳ್ಳೆ ಅಂದುಕೊಂಡಿದ್ದರು. ಅಲ್ಲ, ಎಸ್, ಟಿ, ಯು ಅಂತ ಮೂರು. ಎಸ್‌ಗೆ ಮನುಷ್ಯರ ರಕ್ತ ಇಷ್ಟ, ಟಿ ಮತ್ತು ಯುಗೆ ಜಾಸ್ತಿ ದನದ್ದು. ಕಣ್ಣಿಗೆ ಮೂರೂ ಒಂದೇ ಥರ. ಡಿಎನ್‌ಎ ನೋಡಿದರೆ ಮಾತ್ರ ಬೇರೆ. ಯಾವುದು ಎಲ್ಲಿದೆ ಅಂತ ಗೊತ್ತಿಲ್ಲದೆ ಔಷಧಿ ಹೊಡೆದರೆ, ದನ ಕಚ್ಚುವ ಸೊಳ್ಳೆ ಕೊಲ್ಲಲು ದುಡ್ಡು ಸುರಿದಂತೆ, ಅಲ್ವಾ?

ಮಾವನಿಗೆ ಇದು ಹಿಡಿಸಿತು. "ನಮ್ಮ ಕೊಟ್ಟಿಗೆಯದು ಯಾವುದು?" ಅಂದರು.

"ನೋಡಿ ಹೇಳಲು ಬರಲ್ಲ, ಹಿಡಿದು ಕೊಡಿ."

"ಹಿಡಿಯೋದಾ! ಹೊಡೆದದ್ದಾದರೆ ಎಷ್ಟು ಬೇಕಾದರೂ ಕೊಡ್ತೇನೆ."

ಹೊಡೆದದ್ದೂ ಆಗುತ್ತದೆ, ಒಣಗಿಸಿಡಿ, ಒಂದು ಕಾಲು ಉಳಿದರೂ ಸಾಕು ಅಂದೆ. ಈಗ ಅವರ ಮನೆ ಕಪಾಟಿನಲ್ಲಿ ಒಂದು ಬೆಂಕಿಪೊಟ್ಟಣ ಇದೆ. ಮುಟ್ಟಬೇಡಿ ಅಂತ ಮೇಲೆ ಬರೆದಿದ್ದಾರೆ.