ಮಸಿ ಅಂದರೆ ಮಸಿ, ಎಲ್ಲ ಕಪ್ಪೇ!

"ಮಸಿ ಅಂದ್ರೆ ಮಸಿ, ಎಲ್ಲ ಕಪ್ಪೇ ಅಲ್ವಾ?" ಅಂತ ಹೋಟೆಲಿನ ಪರ್ಚೇಸ್‌ನವರು ನನ್ನ ಇಂಡೆಂಟ್ (ಬೇಕಾದ ಸಾಮಾನಿನ ಚೀಟಿ) ತಿದ್ದಿದ್ದರು. ಕೇಳಿದ್ದು ಗೆರಟೆ ಮಸಿ, ಅಂದರೆ ತೆಂಗಿನ ಚಿಪ್ಪಿನ ಇದ್ದಿಲು. ಬಂದದ್ದು ಅಗ್ಗದ ಮರದ ಮಸಿ, ಅದೂ ಮಳೆಯಲ್ಲಿ ತೊಯ್ದ ಗೋಣಿಯಲ್ಲಿ. ಬೇಕಲದ ಕಡೆ ಜೂನ್‌ನಲ್ಲಿ ಗೆಸ್ಟ್ ಕಡಿಮೆ. ಆದರೆ ಆ ರಾತ್ರಿಯೇ ಮದುವೆ ಪಾರ್ಟಿಯ ಬಫೆ. ಹೊಗೆಯಲ್ಲಿ ನಿಧಾನಕ್ಕೆ ಬೇಯಿಸುವ ಸ್ಮೋಕರಿನೊಳಗೆ ಮಟನ್ ಶೋಲ್ಡರ್, ಕೋಳಿ ಎರಡೂ.

ಕೆಳಗೆ ತಣ್ಣನೆ ಮಸಿ, ಮೇಲೆ ಕೆಂಡ, ಎಂದಿನಂತೆ. ಶಾಖ 110 ಡಿಗ್ರಿಗೆ ಬಂದು ನಿಂತಿತು. ಕೆಂಡ ಇಳಿದು ಕೆಳಗಿನ ಮಸಿಗೆ ತಾಗಿದ್ದೇ ತಡ, ತೆಳು ನೀಲಿ ಹೊಗೆ ಹೋಗಿ ದಟ್ಟ ಬಿಳಿ ಹೊಗೆ. ಹಳೇ ಬಸ್ಸಿನ ಹಿಂದೆ ನಿಂತ ಹಾಗೆ ಕಣ್ಣುರಿ. ಹೊಗೆಯ ರುಚಿಗೆ ಇಟ್ಟ ಹಲಸಿನ ಮರದ ತುಂಡು ಒದ್ದೆಯಿರಬೇಕು ಅಂದುಕೊಂಡು ಇಕ್ಕಳದಲ್ಲಿ ಎತ್ತಿ ಬಿಸಾಡಿದೆ. ಹೊಗೆ ನಿಲ್ಲಲಿಲ್ಲ. ಕೆಳಗಿನ ವೆಂಟ್ ಮುಚ್ಚಿದೆ. ಗಾಳಿ ಕಡಿಮೆಯಾದರೆ ಹೊಗೆಯೂ ಕಡಿಮೆ ಅಂತ ಆ ಗಳಿಗೆಗೆ ತೋಚಿತ್ತು. ಗಾಳಿಯಿಲ್ಲದ ಬೆಂಕಿ ಇನ್ನಷ್ಟು ಕಕ್ಕಿತು. ಕೋಳಿಯ ಚರ್ಮದ ಮೇಲೆ ಕಪ್ಪು ಜಿಡ್ಡು, ನಾಲಗೆಗೆ ಕಹಿ. ಬಫೆ ಕ್ಯಾಪ್ಟನ್ ಇಣುಕಿ ಹೋದ, ಮತ್ತೆ ಬಂದ. ತಂದೂರು ನೋಡಿಕೊಳ್ಳುವ ಇಚ್ಚ (ಅಣ್ಣ ಅಂದ ಹಾಗೆ) ಏನೂ ಹೇಳದೆ ಗೋಣಿಯಿಂದ ಒಂದು ತುಂಡು ತೆಗೆದು ಮುರಿದರು. ಒಳಗೆ ಕಂದು ಬಣ್ಣ. "ಇದು ಮಸಿ ಎಲ್ಲಿ ಮಾರಾಯ, ಅರ್ಧ ಸುಟ್ಟ ಸೌದೆ!"

ಮಾಂಸ ಓವನ್ನಿಗೆ ಹೋಯಿತು. ಕೋಳಿಯ ಚರ್ಮ ಸುಲಿದು, ಒಳಗೆ 74 ಡಿಗ್ರಿ ಮುಟ್ಟಿಸಿ ಕಳಿಸಿದೆವು. ಮೆನು ಕಾರ್ಡಿನಲ್ಲಿ 'ಸ್ಮೋಕ್ಡ್' ಹಾಗೇ ಇತ್ತು.

ಈಗ ಗೋಣಿ ಬಿಚ್ಚಿದ ಕೂಡಲೇ ಎರಡು ತುಂಡು ಒಂದಕ್ಕೊಂದು ಬಡಿಯುತ್ತೇನೆ. ಟಣ್ ಅನ್ನಬೇಕು, ಮುರಿದಲ್ಲಿ ಕಪ್ಪು ಮಿನುಗಬೇಕು. ಗಂಟೆಗಟ್ಟಲೆಯ ಸ್ಮೋಕಿಂಗಿಗೆ ಗೆರಟೆ ಮಸಿಯ ಬಿಲ್ಲೆಯೇ ಆಗಬೇಕು: ಬೂದಿ ಕಡಿಮೆ, ಶಾಖ ಏರಿಳಿಯುವುದಿಲ್ಲ. ಹೊಗೆಯ ರುಚಿ ಅದರದ್ದಲ್ಲ. ಸರಿಯಾಗಿ ಸುಟ್ಟ ಮಸಿಯಲ್ಲಿ ಹೊಗೆಯಾಗುವಂಥದ್ದು ಉಳಿದಿರುವುದೇ ಅಷ್ಟಕ್ಕಷ್ಟೆ. ರುಚಿಗೆ ಒಣಗಿದ ಹಲಸು, ಮಾವು ಇದೆಯಲ್ಲ. ಕೆಂಡದ ಮೇಲೆ ಸುಡುವ ಅರಬ್ ಶೈಲಿಯ ಕೋಳಿ ಅಲ್ ಫಹಾಮ್ ಗ್ರಿಲ್ಲಿಗೆ ಒಳ್ಳೆಯ ಮರದ ಮಸಿ ಬೇಕಾದಷ್ಟಾಯಿತು, ಅಲ್ಲಿ ಜೋರು ಶಾಖದ್ದೇ ಕೆಲಸ. ಕಡ್ಡಿ ಗೀರಿದರೆ ಹತ್ತುವ ದಿಢೀರ್ ಮಸಿ ಮಾತ್ರ ಸ್ಮೋಕರಿನ ಹತ್ತಿರವೂ ಬೇಡ. ಕೆಳಗಿನ ಬಿಲ್ಲೆಗಳು ಒಂದೊಂದೇ ಹತ್ತುವಾಗ ಅವುಗಳಿಗೆ ಹಾಕಿದ ಎಣ್ಣೆಯ ವಾಸನೆ ನೇರ ಮಾಂಸಕ್ಕೆ.

ಮೊನ್ನೆ ಮೀಟಿಂಗಿನಲ್ಲಿ ಮ್ಯಾನೇಜರಿಗೆ ಹೊಸ ಐಡಿಯಾ: ಫ್ಯಾಕ್ಟರಿಯಿಂದ ಗೇರುಬೀಜದ ಸಿಪ್ಪೆ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಉರಿಸಿದರೆ ಹೇಗೆ? "ಸಾರ್, ಅದರ ಸೊನೆ ತಾಗಿದರೆ ಕೈಯಲ್ಲೇ ಬೊಕ್ಕೆ ಏಳುತ್ತದೆ. ಆ ಹೊಗೆ ಕುಡಿದ ಕೋಳಿಯನ್ನು ಗೆಸ್ಟಿಗೆ ಕೊಡುವುದಾ?" ಎಂದೆ.

"ಒಂದು ಕೊಟೇಶನ್ ತರಿಸಿ ನೋಡುವ" ಎಂದರು.